ಬೆಕ್ಕು ಮೆಟ್ಟಿಲು ಹತ್ತುವ ಕಥೆ

ಭಾನುವಾರ, ಬೆಳಗ್ಗೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ, ಅದರ ಜೊತೆಗೆ ಒಂದಿಷ್ಟು ಭಯ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಬೇಡದ ಮಾತು ಬಂದ ತಕ್ಷಣ "ಊಟ ಆಯ್ತೇನೇ?" ಎಂದು ದಾರಿ ತಪ್ಪಿಸುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಕೂತು ಪೂರ್ತಿ ಓದು. ಮಧ್ಯದಲ್ಲಿ ಒಲೆ ಮೇಲಿನ ಹಾಲು ನೋಡುವ ನೆಪ ಬೇಡ.

ಲ್ಯಾಬಿನಲ್ಲಿ ನಾನೀಗ ರಕ್ತ ಪರೀಕ್ಷೆಯ ಜೊತೆಗೆ ಅದರ ಗುಣಮಟ್ಟ ಕಾಯುವ ಕೆಲಸವನ್ನೂ ಕಲಿಯುತ್ತಿದ್ದೇನೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ರೋಗಿಗಳ ರಕ್ತ ಮುಟ್ಟುವ ಹಾಗಿಲ್ಲ. ಮೊದಲು ಉತ್ತರ ಗೊತ್ತಿರುವ ದ್ರವವೊಂದನ್ನು ಯಂತ್ರಕ್ಕೆ ಕೊಡಬೇಕು. ಯಂತ್ರ ಸರಿಯಾದ ಉತ್ತರ ಹೇಳಿದರೆ ಮಾತ್ರ ಮುಂದಿನ ಕೆಲಸ. ಇದನ್ನೆಲ್ಲ ಕಲಿಸುವ ಹಿರಿಯ ಮೇಡಂಗೆ ನಾವಿಟ್ಟಿರುವ ಹೆಸರು 'ಇನ್ನೊಂದ್ಸಲ'. ಏನು ತೋರಿಸಿದರೂ ಅವರ ಬಾಯಲ್ಲಿ ಅದೇ ಮಾತು. ಮೊದಮೊದಲು ಅಳು ಬರುತ್ತಿತ್ತು. ಈಗ ನಾನೇ ಗ್ಯಾಸ್ ಆರಿಸಿದ್ದನ್ನು ಇನ್ನೊಂದ್ಸಲ ನೋಡಿ ಬರುತ್ತೇನೆ.

ವಿಷಯಕ್ಕೆ ಬರುತ್ತೇನೆ. ನೀನು ಕೆಲಸ ಮಾಡುವ ಕಲೆಕ್ಷನ್ ಸೆಂಟರಿನಿಂದ ಬರುವ ರಕ್ತದ ಟ್ಯೂಬುಗಳಲ್ಲಿ ಕೆಲವು ವಾರಗಳಿಂದ ಪೊಟ್ಯಾಶಿಯಂ ಹೆಚ್ಚು ತೋರಿಸುತ್ತಿತ್ತು. ಎಲ್ಲರದ್ದೂ ಅಲ್ಲ, ಕೆಲವರದ್ದು. ಸೂಜಿ ಕಂಡರೆ ಮುಖ ಹಿಂಡುವ ಆ ನಿವೃತ್ತ ಮೇಷ್ಟ್ರಿದ್ದಾರಲ್ಲ, ಅವರ ರಿಪೋರ್ಟ್ ನೋಡಿ ಡಾಕ್ಟರು ಪೊಟ್ಯಾಶಿಯಂ ಏರಿಸಬಲ್ಲ ಹೃದಯದ ಮಾತ್ರೆಯೊಂದನ್ನು ನಿಲ್ಲಿಸಿದರು. ಮೇಷ್ಟ್ರಿಗೆ ಕಾಲು ಊದಿಕೊಂಡು, ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದರು. ಅಲ್ಲಿ ಮಾತ್ರೆ ಮತ್ತೆ ಶುರು ಮಾಡಿದ ಮೇಲೂ ಪೊಟ್ಯಾಶಿಯಂ ಸರಿಯಾಗೇ ಇತ್ತು. ನಮ್ಮ ರಿಪೋರ್ಟೇ ತಪ್ಪು. ಈಗ ಹುಷಾರಾಗಿ ಮನೆಗೆ ಬಂದಿದ್ದಾರೆ, ಗಾಬರಿಯಾಗಬೇಡ.

ಯಂತ್ರದಲ್ಲಿ ದೋಷ ಇರಲಿಲ್ಲ. ಆಮೇಲೆ ಟ್ಯೂಬು ತರುವ ಗಾಡಿಯವನ ಮೇಲೆ ಅನುಮಾನ ಬಂತು, ಏಕೆಂದರೆ ರಕ್ತವನ್ನು ತೀರಾ ತಣ್ಣಗಿಟ್ಟರೂ ಹೀಗಾಗುತ್ತದೆ. ಪಾಪ, ಅವನು ರೇಗಿಬಿಟ್ಟ. "ಎಲ್ಲಾರದ್ದೂ ಒಟ್ಟಿಗೇ ತರ್ತೀನಿ. ಬೇರೆಯವರದ್ದು ಸರಿ ಇದ್ದು ಇವರದ್ದು ಮಾತ್ರ ಹೇಗೆ ಕೆಡುತ್ತೆ?" ಎಂದು ಕೇಳಿದ. ಅವನ ಮಾತು ನ್ಯಾಯವಾಗಿತ್ತು. ಉಳಿದದ್ದು ರಕ್ತ ತೆಗೆಯುವ ಕೈ. ನಿಮ್ಮ ಸೆಂಟರಿನಲ್ಲಿ ಇರುವುದು ನಿನ್ನ ಕೈ ಒಂದೇ.

ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಜನ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಹೆದರುವವರ ತೋಳಿಗೆ ಪಟ್ಟಿ ಬಿಗಿದು ನೀನು ಕಥೆ ಶುರು ಮಾಡುತ್ತೀಯ. ಕನ್ನಡಕ ಕೊಳ್ಳಲು ಹೊರಟ ಬೆಕ್ಕು. ಅಂಗಡಿ ಇರುವುದು ಮಹಡಿ ಮೇಲೆ. ಬೆಕ್ಕು ಒಂದೊಂದು ಮೆಟ್ಟಿಲು ಹತ್ತಿದಾಗಲೂ ಕೇಳುವವರು ಮುಷ್ಟಿ ಮಡಚಿ ಬಿಡಿಸಬೇಕು. ಬೆಕ್ಕು ಅಂಗಡಿ ತಲುಪುವಷ್ಟರಲ್ಲಿ ನಿನ್ನ ಕೆಲಸ ಮುಗಿದಿರುತ್ತದೆ. ತೊಂದರೆ ಆಗಿರುವುದು ಅಲ್ಲೇ, ಅಮ್ಮ. ಅಷ್ಟು ಹೊತ್ತು ಪಟ್ಟಿ ಬಿಗಿದು ಮುಷ್ಟಿ ಹಿಂಡಿಸಿದರೆ ತೋಳಿನ ಸ್ನಾಯುಗಳಿಂದ ಪೊಟ್ಯಾಶಿಯಂ ರಕ್ತಕ್ಕೆ ಸೇರುತ್ತದೆ. ಧೈರ್ಯವಂತರ ರಿಪೋರ್ಟೆಲ್ಲ ಸರಿ ಇದೆ. ನೀನು ಮುದ್ದು ಮಾಡಿದವರದ್ದು ಮಾತ್ರ ತಪ್ಪು.

ಇದು ಹೊಳೆದಾಗ ನಿನ್ನ ಮೇಲೆ ಸಿಟ್ಟು ಬಂತು. ತರಬೇತಿಯಲ್ಲಿ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆಯಲ್ಲ ಎನಿಸಿತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಆ ಬೆಕ್ಕನ್ನು ನೀನು ಹುಟ್ಟಿಸಿದ್ದೇ ನನಗೋಸ್ಕರ, ನಾನು ಜ್ವರ ಬಂದು ಸೂಜಿಗೆ ಕಿರುಚುತ್ತಿದ್ದಾಗ.

ವರದಿ ಬರೆಯಲೇಬೇಕಿತ್ತು. "ನಿಮ್ಮಮ್ಮ ಅಂತ ಗೊತ್ತು. ಬೇರೆಯವರ ಕೈಲಿ ಬರೆಸ್ಲಾ?" ಎಂದು ಮೇಡಂ ಮೆಲ್ಲಗೆ ಕೇಳಿದರು. ನಾನೇ ಬರೆಯುತ್ತೇನೆ ಎಂದೆ. ಬೇರೆಯವರಾದರೆ ತಪ್ಪನ್ನಷ್ಟೇ ಬರೆಯುತ್ತಿದ್ದರು, ತಪ್ಪು ಯಾಕಾಯಿತೆಂದು ಬರೆಯುತ್ತಿರಲಿಲ್ಲ. ಅದನ್ನು ಓದಿದ ಲ್ಯಾಬಿನ ಮ್ಯಾನೇಜರಂತೂ ನಿನ್ನಿಂದ ಸೂಜಿ ಬಿಡಿಸಿ, ಬಂದವರ ಹೆಸರು ಬರೆದುಕೊಳ್ಳುವ ಮೇಜಿಗೆ ಹಾಕೋಣ ಎಂದುಬಿಟ್ಟರು. ಸೂಜಿ ಬಿಟ್ಟು ನೀನು ಹೇಗಿರುತ್ತೀಯ ಎಂದು ಯೋಚಿಸುವುದಕ್ಕೂ ಆಗಲಿಲ್ಲ. ಕೊನೆಗೆ ಮೇಡಂ ಮಧ್ಯೆ ಬಂದರು. ಬರುವ ವಾರ ನೀನು ತೆಗೆಯುವ ರಕ್ತವನ್ನೆಲ್ಲ ಅವರೇ ಪರೀಕ್ಷಿಸುತ್ತಾರೆ. ಸರಿ ಬಂದರೆ ಸೂಜಿ ನಿನ್ನ ಕೈಯಲ್ಲೇ ಉಳಿಯುತ್ತದೆ. "ಇನ್ನೊಂದ್ಸಲ ನೋಡೋಣ" ಎಂದರು. ಆ ಮಾತು ಯಾವತ್ತೂ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಹಠ ಮಾಡಬೇಡ. ಕಥೆಯನ್ನು ಬಿಡಲೂಬೇಡ. ಪಟ್ಟಿ ಕಟ್ಟುವ ಮೊದಲೇ ಬೆಕ್ಕನ್ನು ಅಂಗಡಿ ಮುಟ್ಟಿಸು, ಮೆಟ್ಟಿಲು ಹತ್ತುವಾಗ ಮುಷ್ಟಿ ಸುಮ್ಮನಿರಲಿ. ಆಮೇಲೆ ಪಟ್ಟಿ ಕಟ್ಟಿ ಒಂದು ನಿಮಿಷದೊಳಗೆ ಬಿಚ್ಚಿಬಿಡು. ಹಾಗೇ ಒಂದು ಸಂಜೆ ಮೇಷ್ಟ್ರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಾ. ನನ್ನನ್ನು ಎಷ್ಟು ಬೇಕಾದರೂ ಬೈ, ಆದರೆ ಮಾತು ಬಿಡಬೇಡ.

ಇಂತು,
ಸೂಜಿಗೆ ಹೆದರುತ್ತಿದ್ದ ನಿನ್ನ ಇಲಿಮರಿ

ತಾ.ಕ.: ಕಳೆದ ಸಲ ಮನೆಗೆ ಬಂದಾಗ, ಲ್ಯಾಬಿನಲ್ಲಿ ಅಭ್ಯಾಸಕ್ಕೆ ಬೇಕೆಂದು ನಿನ್ನ ಹತ್ತಿರ ನನ್ನ ಎರಡೂ ಕೈಯಿಂದ ರಕ್ತ ತೆಗೆಸಿಕೊಂಡೆನಲ್ಲ, ಅದು ಅಭ್ಯಾಸಕ್ಕಲ್ಲ. ಎಡಗೈ ಕೊಟ್ಟಾಗ ಹೆದರಿದವಳ ಹಾಗೆ ನಟಿಸಿ ಪೂರ್ತಿ ಕಥೆ ಹೇಳಿಸಿದೆ. ಬಲಗೈ ಕೊಟ್ಟಾಗ ಬಸ್ಸಿಗೆ ತಡವಾಯಿತೆಂದು ಅವಸರ ಮಾಡಿದೆ. ಎರಡೂ ಟ್ಯೂಬು ಒಂದೇ ಚೀಲದಲ್ಲಿ ಬಂದವು. ಎಡಗೈಯದರಲ್ಲಿ ಪೊಟ್ಯಾಶಿಯಂ ಹೆಚ್ಚಿತ್ತು, ಬಲಗೈಯದು ಸರಿ ಇತ್ತು. ವರದಿಗೆ ಅದನ್ನೇ ಸಾಕ್ಷಿಯಾಗಿ ಕೊಟ್ಟಿದ್ದೇನೆ. ಬಲಗೈ ಸಂಜೆಯವರೆಗೂ ನೋಯುತ್ತಿತ್ತು, ಎಡಗೈಗೆ ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಅದನ್ನು ಬರೆಯಲು ವರದಿಯಲ್ಲಿ ಜಾಗ ಇರಲಿಲ್ಲ.