ಲೂನಾ ಇದ್ದ ಹಾಗೆ

ಭದ್ರಾವತಿ
ಸೋಮವಾರ, 28 ಅಕ್ಟೋಬರ್ 2002

ಪ್ರೀತಿಯ ನಮ್ಮನೆಯವರಿಗೆ,

ನಿಮ್ಮ ಅಮೂಲ್ಯ ಮಾಡುವ ನಮಸ್ಕಾರ. ಹೇಗಿದ್ದೀರಿ? ನಿನ್ನೆ ಫೋನಿನಲ್ಲಿ ನಿಮ್ಮ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಸಿಂಗಾಪುರದ ಆ ಯಾರ್ಡಿನ ಬಿಸಿಲಿನಿಂದ ಒಳಗೆ ಬಂದವರೇ ಏಸಿ ಕೆಳಗೆ ನಿಲ್ಲಬೇಡಿ ಅಂತ ಎಷ್ಟು ಸಲ ಹೇಳಿದರೂ ಕೇಳುವವರಲ್ಲ ನೀವು. ಹಡಗು ಕಟ್ಟುವ ಇಂಜಿನಿಯರಿಗೆ ಒಂದು ಲೋಟ ಮೆಣಸಿನ ಸಾರು ಕಾಯಿಸಿಕೊಳ್ಳಲು ಬರುವುದಿಲ್ಲವೇ? ಕಳಿಸಿದ ಸಾರಿನ ಪುಡಿ ಮುಗಿದಿದ್ದರೆ ಹೇಳಿ. ಜನವರಿಯಲ್ಲಿ ಹೇಗೂ ಬಂದೇಬಿಡುತ್ತೀರಿ, ಅಲ್ಲಿಯವರೆಗೆ ಆ ನೂಡಲ್ಸ್ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. ಮೇಲೆ ಭದ್ರಾವತಿ ಅಂತ ಬರೆದಿರುವುದನ್ನು ನೋಡಿ ತವರಿಗೆ ಮುನಿಸಿಕೊಂಡು ಹೋದಳು ಅಂದುಕೊಳ್ಳಬೇಡಿ. ಅಪ್ಪನ ಕ್ವಾರ್ಟರ್ಸಿಗೆ ಬೆಳಿಗ್ಗೆ ಬಂದೆ, ಸಂಜೆಗೆ ಮಲವಗೊಪ್ಪಕ್ಕೆ ವಾಪಸ್. ಈ ಕಾಗದ ಬರೆಯುವುದಕ್ಕೆಂದೇ ಬಂದೆ. ಮನೆಯಲ್ಲಿ ಬರೆದರೆ ಅದನ್ನು ಡಬ್ಬಿಗೆ ಹಾಕಲು ನಿಮ್ಮಣ್ಣ ವೀರೇಂದ್ರ ಭಾವನ ಕೈಗೇ ಕೊಡಬೇಕು. ಇದು ಅವರ ಕೈಗೆ ಸಿಗಬಾರದ ಕಾಗದ.

ಎದೆ ಗಟ್ಟಿ ಮಾಡಿಕೊಂಡು ಓದಿ. ಹದಿನೈದು ದಿನದಿಂದ ಫೋನಿನಲ್ಲಿ ನಾವು ನಿಮಗೆ ಹೇಳುತ್ತಿರುವುದು ಸುಳ್ಳು. ಅತ್ತೆ ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಅವರ ಕೈ ಮುರಿದದ್ದು ನಿಮ್ಮ ಗಾಡಿಯಿಂದ, ಪೂಜೆಯ ದಿನ, ನಮ್ಮ ಅಂಗಳದಲ್ಲಿ. ಗಾಬರಿಯಾಗಬೇಡಿ, ಅತ್ತೆ ಹುಷಾರಾಗಿದ್ದಾರೆ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ, ಇನ್ನೊಂದು ತಿಂಗಳಿಗೆ ಬಿಚ್ಚುತ್ತಾರಂತೆ. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಾ, ನಾನೂ ಸಿಂಗಾಪುರದವಳಾದೆ ಕಣೇ ಅಂತ ನಗುತ್ತಾರೆ. ಈಗ ನನಗೆ ಭಯ ಇರುವುದು ಅತ್ತೆಯದಲ್ಲ, ಭಾವನದು.

ಮೊದಲಿನಿಂದ ಹೇಳುತ್ತೇನೆ. ನನ್ನ ಪುಕ್ಕಲುತನ ನಿಮಗೆ ಗೊತ್ತೇ ಇದೆ, ಕುಕ್ಕರ್ ಕೂಗಿದರೂ ಬೆಚ್ಚಿಬೀಳುವವಳು ನಾನು. ನೀವು ಅಲ್ಲಿ ಆ ಹಳೇ ಗಾಡಿ ಕೊಂಡು, ವರ್ಷ ಓಡಿಸಿ, ಊರಿಗೆ ಮರಳುವವರು ಒಂದು ಗಾಡಿ ತರಬಹುದು ಅಂತ ಹಡಗಿಗೆ ಹಾಕಿದಾಗಿನಿಂದ ನನಗೆ ನಿದ್ದೆ ಇರಲಿಲ್ಲ. ಸಮುದ್ರದಲ್ಲಿ ಮುಳುಗಿದರೆ? ಬಂದರಿನಲ್ಲಿ ಹಿಡಿದಿಟ್ಟುಕೊಂಡರೆ? ರಜೆ ಹಾಕಿ ಮುಂಬೈಗೆ ಬಂದು, ಸುಂಕ ಕಟ್ಟಿ ಅದನ್ನು ಬಿಡಿಸಿ, ಮನೆಗೂ ಬಾರದೆ ಅಲ್ಲಿಂದಲೇ ವಾಪಸ್ ಹಾರಿದಿರಲ್ಲ, ಅವತ್ತು ಅತ್ತೆ ಎದುರು ಅಳು ನುಂಗಿಕೊಂಡೆ. ಆದರೆ ನೀವು ಆ ಗಾಡಿಯನ್ನೇ ಯಾಕೆ ಆರಿಸಿದಿರಿ ಅನ್ನುವುದು ನೆನಪಾದಾಗ ಸಿಟ್ಟು ಇಳಿದುಹೋಗುತ್ತಿತ್ತು. ಕಾರು ಹತ್ತಬೇಕಾದರೆ ಬಗ್ಗಬೇಕು, ಜೀಪು ಹತ್ತಬೇಕಾದರೆ ಕಾಲೆತ್ತಬೇಕು, ಅಮ್ಮನ ಮಂಡಿಗೆ ಎರಡೂ ಆಗಲ್ಲ, ಇದು ಎರಡರ ಮಧ್ಯೆ, ಕುರ್ಚಿ ಮೇಲೆ ಕೂತ ಹಾಗೆ ಕೂರಬಹುದು ಅಂತ ಬರೆದಿದ್ದಿರಿ. ಆ ಸಾಲನ್ನು ಅತ್ತೆಗೆ ಓದಿ ಹೇಳಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂಬೈಯಿಂದ ಓಡಿಸಿಕೊಂಡು ಬಂದವನು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಕೀ ಕೊಟ್ಟು, ಒಂದು ಟೀ ಕುಡಿದು, ವಾಪಸ್ ಬಸ್ಸು ತಪ್ಪುತ್ತದೆ ಅಂತ ಓಡಿದ. ಭಾವ ಅವನನ್ನು ಏನೂ ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಶಿವಮೊಗ್ಗ-ಭದ್ರಾವತಿ ಬಸ್ಸು ಓಡಿಸುತ್ತಿರುವವರು, ಇದನ್ನು ಹೇಗಪ್ಪಾ ಓಡಿಸೋದು ಅಂತ ಇನ್ನೊಬ್ಬ ಡ್ರೈವರನನ್ನು ಹೇಗೆ ಕೇಳಿಯಾರು? ಕಪ್ಪು ಗಾಜು, ಒಳಗೆ ಯಾವುದೋ ಬೇರೆ ಮನೆಯ ವಾಸನೆ, ಕನ್ನಡಿಗೆ ನೇತುಹಾಕಿದ ಕೆಂಪು ದಾರದ ಗಂಟು. ಅದು ಯಾರದೋ ಏನೋ, ಬಿಚ್ಚಬೇಡಿ, ಬಿಚ್ಚಿದವರಿಗೆ ಅಂಟಿಕೊಂಡರೆ ಅಂತ ನಿಮ್ಮತ್ತಿಗೆ ಶಂಕರಮ್ಮಕ್ಕ. ಮರುದಿನ ಪಕ್ಕದ ಮನೆಯ ಹಸು ಬಂದು ಮೈ ಉಜ್ಜಿದ್ದಕ್ಕೆ ಗಾಡಿ ಕಿರುಚಿಕೊಳ್ಳಲು ಶುರುಮಾಡಿತು. ಹಸು ಒಂದು ಕಡೆ ಓಡಿತು, ನಾನು ಇನ್ನೊಂದು ಕಡೆ. ಹೇಗೆ ನಿಲ್ಲಿಸಬೇಕೋ ಯಾರಿಗೂ ಗೊತ್ತಿರಲಿಲ್ಲ, ತಾನೇ ಸುಸ್ತಾಗಿ ನಿಂತಿತು.

ಆ ಭಾನುವಾರ ನೀವು ಫೋನಿನಲ್ಲಿ ಭಾವನಿಗೆ ಗಾಡಿಯ ಪಾಠ ಹೇಳಿಕೊಟ್ಟಿರಿ. ನಾನು ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದೆ. ಕ್ಲಚ್ಚೇ ಇಲ್ವಾ ಅಂತ ಭಾವ ಕೇಳಿದ್ದು, ನೀವು ಹೇಳಿದ್ದನ್ನೆಲ್ಲ ಅವರು ಗಟ್ಟಿಯಾಗಿ ತಿರುಗಿ ಹೇಳುತ್ತಾ ಹೋದದ್ದು, ಎಲ್ಲಾ ಕಿವಿಯಲ್ಲಿದೆ. “ಲೂನಾ ಮೊಪೆಡ್ ಇದ್ದಂಗಾ? ಆಕ್ಸಿಲರೇಟರ್ ಕೊಟ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ, ಅಷ್ಟೇನಾ? ಹಂಗಾದ್ರೆ ನಿಮ್ಮತ್ತಿಗೆನೂ ಓಡಿಸ್ತಾಳೆ ಬಿಡೋ ಮಾರಾಯ!” ಅಂತ ನಕ್ಕರು. ಭಾವ ಅಷ್ಟು ಜೋರಾಗಿ ನಕ್ಕಿದ್ದು ಅದೇ ಕೊನೆ.

ಆಯುಧಪೂಜೆಯ ದಿನ ಭಾವ ತಮ್ಮ ಬಸ್ಸಿನ ಪೂಜೆ ಮುಗಿಸಿಕೊಂಡು, ಹೊಸ ಪಂಚೆ ಉಟ್ಟು ಬಂದರು. ವಿಶ್ವಾರಾಧ್ಯ ಅಯ್ಯನವರು ಗಾಡಿಯ ಮೂತಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿಸಿ, ಕುಂಬಳಕಾಯಿ ಒಡೆಸಿದರು. ಇನ್ನು ಉಳಿದದ್ದು ಮಂಗಳಾರತಿ, ಆಮೇಲೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದು. ಭಾವ ಒಳಗೆ ಕೂತು, ಇಂಜಿನ್ ಚಾಲೂ ಮಾಡಿ, ಗೇರಿನ ಕಡ್ಡಿಯನ್ನು ಮುಂದಕ್ಕೆ ಹೋಗುವ ಜಾಗಕ್ಕೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕಾಯುತ್ತಿದ್ದರು. ಚಕ್ರಕ್ಕೆ ನಿಂಬೆಹಣ್ಣು ನಾನೇ ಇಡಬೇಕು, ಮಗ ನನಗೋಸ್ಕರ ತಂದ ಗಾಡಿ ಅಂತ ಅತ್ತೆಯ ಹಟ. ಆ ಮಂಡಿಯಲ್ಲಿ ಬಗ್ಗುವುದೇ ಕಷ್ಟ, ಎದ್ದೇಳುವುದು ಇನ್ನೂ ಕಷ್ಟ. ಮೂರು ಹಣ್ಣು ಇಟ್ಟು, ಎಡಗಡೆ ಮುಂದಿನ ಚಕ್ರಕ್ಕೆ ಬಂದಿದ್ದರು. ಅಷ್ಟರಲ್ಲಿ ಅಯ್ಯನವರು ಕರ್ಪೂರ ಹಚ್ಚಿ ಗಂಟೆ ಬಾರಿಸಿಬಿಟ್ಟರು.

ನಾನು ಭಾವನ ಕಡೆಯ ಬಾಗಿಲ ಹತ್ತಿರ, ಸ್ಟೇರಿಂಗಿಗೆ ಕುಂಕುಮ ಹಚ್ಚಲು ತಟ್ಟೆ ಹಿಡಿದು ನಿಂತಿದ್ದೆ. ಬಾಗಿಲು ತೆರೆದೇ ಇತ್ತು. ಮಂಗಳಾರತಿ ಆಗುವಾಗ ಕಾಲಲ್ಲಿ ಚಪ್ಪಲಿ ಇರಬಾರದಲ್ಲ. ಗಂಟೆ ಕೇಳಿದ ಕೂಡಲೇ ಭಾವ ಎರಡೂ ಕಾಲನ್ನು ಚಪ್ಪಲಿಯಿಂದ ಬಿಡಿಸಿ, ಸೀಟಿನ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ ಕೈಮುಗಿದರು. ಗಾಡಿ ಹೊರಟಿತು. ಸದ್ದಿಲ್ಲ, ಕುಲುಕಾಟವಿಲ್ಲ, ಸುಮ್ಮನೆ ಹೊರಟಿತು. ಅಯ್ಯನವರು ಆರತಿ ತಟ್ಟೆ ಎಸೆದು ಪಕ್ಕಕ್ಕೆ ಹಾರಿದರು. ನನ್ನ ಬಾಯಿಂದ ಅತ್ತೇ ಅಂತ ಒಂದು ಕೂಗು ಬಂತೋ ಇಲ್ಲವೋ ನನಗೇ ಗೊತ್ತಿಲ್ಲ. ಭಾವ ಕಣ್ಣು ಬಿಟ್ಟವರೇ ಎಡಗಾಲನ್ನು ಕ್ಲಚ್ಚಿಗೆ ಒದ್ದರು, ಅಲ್ಲಿ ಏನೂ ಇರಲಿಲ್ಲ. ಬಲಗಾಲಿನಿಂದ ಬ್ರೇಕ್ ಒತ್ತಿದರೆ, ಬಿಟ್ಟ ಚಪ್ಪಲಿ ಅದರ ಕೆಳಗೆ ಸಿಕ್ಕಿಕೊಂಡು ಬ್ರೇಕ್ ಇಳಿಯಲೇ ಇಲ್ಲ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದರು. ಗಾಡಿ ನಿಂತಾಗ ಅತ್ತೆ ಬಲಗೈ ಊರಿ ಪಕ್ಕಕ್ಕೆ ಬಿದ್ದಿದ್ದರು, ಚಕ್ರ ಅವರ ಸೆರಗಿನ ಮೇಲಿತ್ತು. ಸೆರಗಿನ ಮೇಲೆ, ರೀ. ಇನ್ನು ಗೇಣು ಮುಂದೆ ಬಂದಿದ್ದರೆ?

ಗಾಡಿ ಹಿಂದಕ್ಕೆ ತೆಗೆದರೆ ಸೆರಗು ಬಿಡುತ್ತಿತ್ತು. ಆದರೆ ಅದನ್ನು ಇನ್ನೊಂದು ಸಲ ಅಲುಗಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಶಂಕರಮ್ಮಕ್ಕ ಕತ್ತರಿ ತಂದು ಸೆರಗನ್ನೇ ಕತ್ತರಿಸಿ ಅತ್ತೆಯನ್ನು ಎಬ್ಬಿಸಿದರು. ನೀವು ಹೋದ ವರ್ಷ ಕಳಿಸಿದ ದುಡ್ಡಲ್ಲಿ ತೆಗೆದುಕೊಂಡ ಹಸಿರು ಇಳಕಲ್ ಸೀರೆ. ಆ ತುಂಡು ಇನ್ನೂ ಚಕ್ರದ ಕೆಳಗೇ ಇದೆ. ಅವತ್ತಿನಿಂದ ಗಾಡಿ ಅಲುಗಿಲ್ಲ, ಒಣಗಿದ ಹಾರ ಕೂಡ ಹಾಗೇ ಇದೆ.

ಊರಿನವರೆಲ್ಲ ಭಾವ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದ್ದಾರೆ ಅಂತಾರೆ. ಭಾವನೂ ಅದನ್ನೇ ಹೇಳುತ್ತಾರೆ, “ಕಾಲು ನಂದೇ ತಪ್ಪಿತು.” ಅವತ್ತಿನಿಂದ ಬಸ್ಸು ಹತ್ತಿಲ್ಲ. ಡ್ಯೂಟಿಗೆ ಹೊರಡುವ ಮುಂಚೆ ದಿನಾ ಅತ್ತೆಯ ಮುಂದೆ ತಲೆ ಬಗ್ಗಿಸಿ ಹಣೆಗೆ ವಿಭೂತಿ ಇಡಿಸಿಕೊಳ್ಳುತ್ತಿದ್ದರಲ್ಲ, ಈಗ ಅತ್ತೆಯ ಹತ್ತಿರವೇ ಬರುವುದಿಲ್ಲ. ಬಲಗೈ ಪ್ಲಾಸ್ಟರಿನಲ್ಲಿದೆ, ಎಡಗೈಯಲ್ಲೇ ಇಡ್ತೀನಿ ಬಾರೋ, ಶಿವ ಏನೂ ಅನ್ನಲ್ಲ ಅಂತ ಅತ್ತೆ ಎಷ್ಟು ಕರೆದರೂ ಇಲ್ಲ. ಬರೀ ಹಣೆಯಲ್ಲಿ ಜಗಲಿ ಮೇಲೆ ಕೂತು ಆ ಚಕ್ರವನ್ನೇ ನೋಡುತ್ತಿರುತ್ತಾರೆ. ಕೂತಲ್ಲೇ ಎಡಗಾಲು ನೆಲವನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ.

ಮೊನ್ನೆ ಬೆಳಿಗ್ಗೆ ಯಾರಿಗೂ ಹೇಳದೆ ಎದ್ದು ಹೋದರು. ಮಧ್ಯಾಹ್ನದವರೆಗೆ ಪತ್ತೆಯಿಲ್ಲ. ಶಂಕರಮ್ಮಕ್ಕ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಚಾನೆಲ್ ನೀರಿನ ಕಡೆ ಯಾರನ್ನಾದರೂ ಕಳಿಸಿ ಅಂದಾಗ ಅವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತಾಯಿತು. ಕೊನೆಗೆ ಸುದ್ದಿ ತಂದದ್ದು ಅವರ ಬಸ್ಸಿನ ಕಂಡಕ್ಟರ್ ಮೂರ್ತಪ್ಪನವರು. ಮಾಚೇನಹಳ್ಳಿ ಹತ್ತಿರ ರಸ್ತೆ ಪಕ್ಕ ಭದ್ರಾವತಿ ಕಡೆಗೆ ಭಾವ ನಡೆದುಕೊಂಡು ಹೋಗುತ್ತಿದ್ದರಂತೆ. ಬಸ್ಸು ನಿಲ್ಲಿಸಿ, “ಬಾರೋ ಮಾರಾಯ, ಹತ್ತು, ಸುಮ್ನೆ ಕೂತ್ಕೋ ಸಾಕು” ಅಂತ ಕೈ ಹಿಡಿದು ಎಳೆದರಂತೆ. ಒಳಗಿದ್ದ ದಿನದ ಪ್ಯಾಸೆಂಜರುಗಳೂ ಕಿಟಕಿಯಿಂದ ಕರೆದರಂತೆ. ಭಾವ ಹತ್ತಲಿಲ್ಲ. ಭದ್ರಾವತಿಗೆ ನಡೆದೇ ಹೋಗಿ, ಬಸ್ಸಿನ ಮಾಲೀಕ ಸುಬ್ಬಪ್ಪನವರಿಗೆ ಬೇರೆ ಡ್ರೈವರನ್ನು ನೋಡಿಕೊಳ್ಳಿ ಅಂತ ಹೇಳಿ, ನಡೆದೇ ವಾಪಸ್ ಬಂದರು. ಸುಬ್ಬಪ್ಪನವರು ಒಳ್ಳೆಯವರು, ಕಾರ್ತಿಕ ಮುಗಿಯುವ ತನಕ ಕಾಯುತ್ತೇನೆ ಅಂದಿದ್ದಾರಂತೆ. ಆಮೇಲೆ ಅವರೂ ಏನು ಮಾಡಿಯಾರು? ಸಂಬಳ ಹೋಗುವುದು ಆಮೇಲಿನ ಮಾತು. ಸ್ಟೇರಿಂಗ್ ಬಿಟ್ಟರೆ ಭಾವ ಭಾವನಾಗಿ ಉಳಿಯುವುದಿಲ್ಲ ಅಂತ ನನ್ನ ಹೆದರಿಕೆ. ಈಗ ಮನೆಯಲ್ಲಿ ಯಾರಾದರೂ ಒಬ್ಬರು ಅವರ ಮೇಲೆ ಕಣ್ಣಿಟ್ಟೇ ಇರುತ್ತೇವೆ. ಇವತ್ತು ಶಂಕರಮ್ಮಕ್ಕನ ಪಾಳಿ.

ರೀ, ನೀವು ಒಂದು ವರ್ಷ ಅದನ್ನು ಓಡಿಸಿದವರು. ನನಗೊಂದು ಹೇಳಿ. ಬ್ರೇಕಿನಿಂದ ಕಾಲೆತ್ತಿದರೆ ಆ ಗಾಡಿ ತಾನಾಗಿಯೇ ಮುಂದಕ್ಕೆ ಹೋಗುತ್ತದೆಯೇ? ನನಗೆ ಗಾಡಿಯ ವಿಷಯ ಏನೂ ತಿಳಿಯದು. ಆದರೆ ಭಾವನ ಎರಡು ಕಾಲೂ ಮೇಲಿದ್ದದ್ದನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ.

ಅಪ್ಪ, ಅಮ್ಮ ನಿಮ್ಮನ್ನು ಕೇಳಿದ್ದಾರೆ. ಅತ್ತೆಯ ಆಶೀರ್ವಾದ ಸದಾ ನಿಮ್ಮ ಮೇಲಿದೆ, ಈಗ ಎಡಗೈಯಿಂದ ಅಷ್ಟೇ. ರಾತ್ರಿ ತಲೆಗೆ ಸ್ನಾನ ಮಾಡಿ ಹಾಗೇ ಮಲಗಬೇಡಿ. ಸಂಜೆ ಬಸ್ಸಿಗೆ ಹೊತ್ತಾಯಿತು, ನಿಲ್ಲಿಸುತ್ತೇನೆ.

ನಿಮ್ಮ
ಅಮೂಲ್ಯ

ತಾ.ಕ.: ಕವರು ಅಂಟಿಸಲು ಹೋದವಳು ಮತ್ತೆ ತೆಗೆದೆ. ಬರೆಯಬಾರದು ಅಂದುಕೊಂಡಿದ್ದನ್ನು ಬರೆದೇ ಬಿಡುತ್ತೇನೆ. ಹೋದ ವಾರ ಭಾವನಿಗೆ ನಾನು ನೋಡಿದ್ದನ್ನು ಹೇಳಿದೆ, ನಿಮ್ಮ ಕಾಲು ಎಲ್ಲೂ ಒತ್ತಿರಲಿಲ್ಲ ಭಾವ, ಗಾಡಿ ತಾನೇ ಹೋಯಿತು ಅಂತ. ಅವರು ಸುತ್ತ ನೋಡಿ, ಮೆಲ್ಲಗೆ, “ನೀನು ಏನೂ ನೋಡಿಲ್ಲ ಅಮೂಲ್ಯ. ಅವನು ಅಲ್ಲಿ ಒಬ್ನೇ ಇದಾನೆ. ಅಮ್ಮಂಗೆ ಹಿಂಗಾಗಿದ್ದು ತನ್ನ ಮಾತಿಂದ ಅಂತ ಗೊತ್ತಾದ್ರೆ ಅನ್ನ ಬಿಡ್ತಾನೆ” ಅಂದರು. ಅವರಿಗೆ ಎಲ್ಲಾ ಗೊತ್ತಿದೆ. ಲೂನಾ ಇದ್ದ ಹಾಗೆ, ಬಿಟ್ಟರೆ ನಿಲ್ಲುತ್ತೆ ಅಂತ ನೀವು ಹೇಳಿದ್ದನ್ನು ಅತ್ತೆಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಎಲ್ಲಾ ತಮ್ಮ ಕಾಲಿನ ಮೇಲೆ ಹಾಕಿಕೊಂಡು ಕೂತಿದ್ದಾರೆ. ನಾನು ಎಷ್ಟು ಹೇಳಿದರೂ ಅದು ಇಳಿಯುವುದಿಲ್ಲ, ನೀವು ಹೇಳಬೇಕು. ಈ ಕಾಗದ ಕೈಸೇರಿದ ಮೇಲೆ ಬರುವ ಭಾನುವಾರ ಫೋನ್ ಮಾಡಿದಾಗ ಅಮ್ಮ ಹೇಗಿದ್ದಾರೆ ಅಂತ ನನ್ನನ್ನು ಕೇಳಬೇಡಿ. ರಿಸೀವರ್ ಭಾವನ ಕೈಗೆ ಕೊಟ್ಟು ನಾನು ಅಂಗಳಕ್ಕೆ ಹೋಗುತ್ತೇನೆ. ಅಣ್ಣಾ, ನಾನು ತಪ್ಪು ಹೇಳಿಕೊಟ್ಟೆ, ಅದು ಲೂನಾ ಇದ್ದ ಹಾಗಲ್ಲ ಅಂತ ಮೊದಲು ಆ ಒಂದು ಮಾತು ಹೇಳಿ. ಕೆಮ್ಮುವುದಿದ್ದರೆ ಆಮೇಲೆ ಕೆಮ್ಮಿ.