ಉಸಿರಿನ ಪಾಲು

ಅರಸೀಕೆರೆ
೨೯ ಮೇ ೨೦೨೧

ಧರ್ಮು ಮರಿ,

ಊಟ ಮಾಡಿದೆಯಾ, ಅಮ್ಮನಿಗೆ ಮಾಡಿಸಿದೆಯಾ ಎಂದು ಕೇಳುವ ಶಾಸ್ತ್ರ ಬೇಡ. ಇಬ್ಬರೂ ಮಾಡಿರುವುದಿಲ್ಲ. ಅಪ್ಪನ ಹೃದಯ ನಿಂತುಹೋಯಿತು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಮ್ಮ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಕಡಿಮೆ, ಕೋವಿಡ್ ರೋಗಿಗಳು ಜಾಸ್ತಿ. ಒಂದು ಯಂತ್ರಕ್ಕೆ ಇಬ್ಬರನ್ನು ಜೋಡಿಸಬಹುದೇ ಎಂದು ನಾವು ಡಾಕ್ಟರುಗಳು ಮೊದಲು ಎರಡು ರಬ್ಬರ್ ಚೀಲಗಳಿಗೆ ಕವಲು ಪೈಪು ಹಾಕಿ ನೋಡಿದೆವು. ಚೆನ್ನಾಗಿಯೇ ಉಬ್ಬಿದವು. ಆದರೆ ಒಂದಕ್ಕೆ ಬ್ಯಾಂಡೇಜ್ ಬಿಗಿದು ಗಟ್ಟಿ ಮಾಡಿದರೆ ಅದರ ಪಾಲಿನ ಗಾಳಿಯೂ ಇನ್ನೊಂದಕ್ಕೇ ನುಗ್ಗುತ್ತಿತ್ತು, ತಗ್ಗಿನ ತೋಟವೇ ನೀರೆಲ್ಲ ಕುಡಿದ ಹಾಗೆ. ಯಾರ ಶ್ವಾಸಕೋಶ ಗಟ್ಟಿಯಾಗುತ್ತದೋ ಅವರನ್ನು ಯಂತ್ರದಿಂದ ಬಿಡಿಸಬೇಕು, ಇಲ್ಲದಿದ್ದರೆ ಗಾಳಿ ಸಾಲದೆ ಒಬ್ಬರು, ಅತಿಯಾಗಿ ಇನ್ನೊಬ್ಬರು, ಇಬ್ಬರೂ ಹೋಗುತ್ತಾರೆ ಎಂದು ತೀರ್ಮಾನಿಸಿದೆವು. ರಬ್ಬರಿನ ವಿಷಯದಲ್ಲಿ ತೀರ್ಮಾನ ಎಷ್ಟು ಸಲೀಸು!

ಅಪ್ಪನ ಗಂಟಲಿಗೆ ನಳಿಕೆ ಹಾಕುವ ಮೊದಲೇ, ಇನ್ನೊಬ್ಬರ ಜೊತೆ ಸೇರಿಸಲಾ ಎಂದು ಕೇಳಿದ್ದೆ. "ಒಂದ್ ಬೋರಿಗೆ ಎರಡ್ ತ್ವಾಟ, ಅಷ್ಟೇ ತಾನೆ? ಸೇರ್ಸವ್ವ" ಎಂದರು.

ಸೇರಿಸಿದ್ದು ಯಾರನ್ನು ಗೊತ್ತೇನೋ? ನಮ್ಮ ಮಾದಿಹಳ್ಳಿಯ ಚನ್ನಪ್ಪನವರನ್ನು. ಅವರ ಮನೆಯ ಹೊರಗೆ ನಿಂತು ಅಪ್ಪ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದರಲ್ಲ, ಅವರನ್ನೇ. ವಯಸ್ಸು, ಮೈಕಟ್ಟು ಎರಡೂ ಹೊಂದುತ್ತಿದ್ದವು. ಅವರ ಮಗ ಶರತ್‌ನ ಒಪ್ಪಿಗೆ ಕೇಳಿದೆ. ತನ್ನಪ್ಪ ಬದುಕುತ್ತಾರಾ ಎಂದು ಕೇಳಲಿಲ್ಲ ಅವನು. "ಆ ಕಡೆ ಯಾರ್ ಮೇಡಂ?" ಎಂದ. ನಮ್ಮಪ್ಪ ಎಂದೆ. ಮನೆಯವರಿಗೆ ಫೋನ್ ಮಾಡಲು ಹೊರಗೆ ಹೋದ. ಅಷ್ಟು ಹೊತ್ತೂ ನರ್ಸ್ ಚಲುವಮ್ಮ ಅವರಪ್ಪನಿಗೆ ಕೈಯಲ್ಲೇ ಗಾಳಿಚೀಲ ಒತ್ತುತ್ತಿದ್ದಳು. ಕೊನೆಗೆ ಬಂದು ಸಹಿ ಹಾಕಿದ. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಎರಡು ದಿನ ಇಬ್ಬರ ಎದೆಯೂ ಒಟ್ಟಿಗೇ ಏರಿ ಇಳಿಯಿತು. ಆಮೇಲೆ ಅಪ್ಪನ ಶ್ವಾಸಕೋಶ ಗಟ್ಟಿಯಾಗುತ್ತ ಬಂತು. ಬೇರೆ ಯಂತ್ರ ಖಾಲಿ ಇರಲಿಲ್ಲ. ಆ ಕೆಲಸವನ್ನು ಇನ್ನೊಬ್ಬರಿಗೆ ಹೇಳಲು ಮನಸ್ಸಾಗಲಿಲ್ಲ. ನಾನೇ ಬಿಡಿಸಿದೆ ಕಣೋ. ಚೀಲ ತೆಗೆದುಕೊಂಡು ಒತ್ತಿದೆ, ಕೈ ಸೋತರೂ ಒತ್ತಿದೆ. ಸಾಲಲಿಲ್ಲ.

ಸರಿಯಾದದ್ದನ್ನೇ ಮಾಡಿದಿರಿ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು. ಆದರೂ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತೇನೆ. ಅಮ್ಮ ಬೈದರೆ ಬೈಯಲಿ, ತಡೆಯಬೇಡ.

ನಿನ್ನ ಅಕ್ಕ,
ಮಾಲಿನಿ

ತಾ.ಕ.: ಚನ್ನಪ್ಪನವರು ಇವತ್ತು ನಳಿಕೆಯಿಲ್ಲದೆ ಉಸಿರಾಡಿದರು. ಶರತ್ ಕೈಮುಗಿದು, "ಜೊತೇಲಿ ಹಾಕಿದ್ದು ಊರಲ್ಲಿ ಗೊತ್ತಾಗೋದ್ ಬ್ಯಾಡ ಮೇಡಂ" ಎಂದ. ಈ ಕಾಗದವನ್ನು ಅಮ್ಮನಿಗೆ ಒಳಗೆ ಕೂತು ಓದಬೇಡ. ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ ಓದು.