ಕಿತ್ತು ಬಿಸಾಕು ಅಂದ ಮುಳ್ಳು

ಅಕ್ಟೋಬರ್ 11, ಶನಿವಾರ

ಅವಳನ್ನ ಬಿಸಿಲಲ್ಲಿ ನಾಲ್ಕು ಮೈಲಿ ನಡೆಸಿದೆ. ನಗು ಬರಬೇಕಿತ್ತು, ಬರ್ತಿಲ್ಲ.

ಟೆಸ್ಸಾ, ನನ್ನ ಮಗ ವೇಡ್ ಮದುವೆಯಾಗೋ ಹುಡುಗಿ. ಮಳೆಯೂರು ಸಿಯಾಟಲ್‌ನವಳು. ನನ್ನ ಹಳೇ ಸೈಕಲ್ಲನ್ನ ನನ್ನ ಕೇಳದೇನೇ ಅವಳಿಗೆ ಕೊಟ್ಟುಬಿಟ್ಟ. ಸಾಲದ್ದಕ್ಕೆ, "ಅಮ್ಮ, ಮರಳಲ್ಲಿ ಓಡಿಸೋದನ್ನ ನೀನೇ ಕಲಿಸು" ಅಂದ.

ನಮ್ಮ ಮರುಭೂಮಿ ಊರು ಟೂಸಾನ್‌ನ ಮಕ್ಕಳೆಲ್ಲ ಕಲಿಯೋ ಮರಳುದಾರಿಗೇ ಕರ್ಕೊಂಡು ಹೋದೆ. ಕಾರನ್ನ ದಾರಿ ಶುರುವಾಗೋ ಕಡೆ ನಿಲ್ಲಿಸಿ, ನಾನು ನನ್ನ ಹೊಸ ಸೈಕಲ್ ಹತ್ತಿದೆ. ಒಂದೊಂದು ಕಳ್ಳಿ ಕಂಡಾಗಲೂ ಬ್ರೇಕ್ ಹಿಡಿಯೋಳು. "ಅದೇನು ಎದ್ದು ಬಂದು ಕಚ್ಚಲ್ಲ, ಬಾರಮ್ಮ" ಅಂದೆ. ನಾಲ್ಕನೇ ಮೈಲಿಯಲ್ಲಿ ಮುಂದಿನ ಚಕ್ರಕ್ಕೆ ನೆಗ್ಗಿಲ ಮುಳ್ಳು ಚುಚ್ಚಿತು.

"ನೊರೀನ್, ಏನ್ಮಾಡ್ಲಿ?" ಅಂತ ನನ್ನ ಕೇಳಿದಳು.

ಮನೆ ಮುಟ್ಟೋ ತನಕ ಮುಳ್ಳು ಕೀಳಬಾರದು, ತೂತಿಗೆ ಅದೇ ಬಿರಡೆ. ಇದು ಇಲ್ಲಿನ ಕೂಸಿಗೂ ಗೊತ್ತು.

"ಕಿತ್ತು ಬಿಸಾಕು" ಅಂದೆ.

ಗಾಳಿ ಬುಸ್ಸಂತ ಹೋಯ್ತು. ಪಂಪು ಮರೆತು ಬಂದೆ ಅಂತ ಸುಳ್ಳು ಹೇಳಿ, ನಾನು ಸೈಕಲ್ ತುಳ್ಕೊಂಡು ಮುಂದೆ ಬಂದು ಕಾರಲ್ಲಿ ಎ.ಸಿ. ಹಾಕ್ಕೊಂಡು ಕೂತೆ. ಸೈಕಲ್ ತಳ್ಕೊಂಡು ಬಂದವಳ ತುಟಿ ಒಡೆದಿತ್ತು. "ಕಾದಿದ್ದಕ್ಕೆ ಥ್ಯಾಂಕ್ಸ್" ಅಂದಳು.

ಊಟಕ್ಕೆ ಕೂತಾಗ ವೇಡ್ ಬಿದ್ದು ಬಿದ್ದು ನಕ್ಕ. "ಮುಳ್ಳನ್ನ ಯಾರಾದ್ರೂ ಕೀಳ್ತಾರೇನೇ? ಅಮ್ಮ, ನೀನು ಹೇಳ್ಲಿಲ್ವಾ?"

ಟೆಸ್ಸಾ ಒಂದು ಗಳಿಗೆ ನನ್ನನ್ನೇ ನೋಡಿದಳು.

"ಹೇಳಿದ್ರು, ನಾನೇ ಕೇಳ್ಲಿಲ್ಲ" ಅಂದು, ನನ್ನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಬಡಿಸಿದಳು.

ಅದನ್ನ ಪೂರ್ತಿ ತಿಂದೆ. ಆಮೇಲೆ ಪಾತ್ರೆ ತೊಳೆಯೋಕೆ ಹೋದರೆ, ನಾನು ಉಂಗುರ ಬಿಚ್ಚಿಡೋ ಬಟ್ಟಲಲ್ಲಿ ಆ ಮುಳ್ಳು ಕೂತಿತ್ತು.

ಅವಳು ಬಿಸಾಕಿರಲಿಲ್ಲ.